ಏಳು ಉಳಿದವು

ದೊಡ್ಡದೇನಲ್ಲ, ಒಂದೂವರೆ ಎಂಬಿ.
ಫೋನ್ ನಂಬರ್ ಕೇಳೂದಿಲ್ಲ, ಪಾಸ್‌ವರ್ಡ್ ಕೇಳೂದಿಲ್ಲ,
ಪೆನ್‌ಡ್ರೈವಿನ ಮೂಲ್ಯಾಗ ಸಾಸಿವಿಯಂಗ ಕುಂತಿರತೈತಿ.
ಎಡಕೊಂದು ಕಿಟಕಿ, ಬಲಕೊಂದು ಕಿಟಕಿ,
ಎಡದಾಗಿಂದು ಎತ್ತಿ ಬಲದಾಗ ಇಡತೈತಿ. ಅಷ್ಟ.
ನಾ ಅದಕ್ಕ ಇರುವಿ ಅಂತೀನಿ.
ನಮ್ಮ ಅಂಗಡಿಯ ಮುದಿ ಕಂಪ್ಯೂಟರು
ಬ್ಯಾರೆ ಏನ ತೆರೆದರೂ ದಮ್ಮು ಹತ್ತಿ ಕೂಡತೈತಿ.

ನವನಗರ. ಬಸ್‌ಸ್ಟ್ಯಾಂಡಿನ ಹಿಂದಿನ ಸಾಲು.
ದಾವಲಸಾಬ ಮುಜಾವರ ಬಂದರು,
ಕೈಯಾಗ ಹಾರ್ಡ್ ಡಿಸ್ಕು, ಅದಕ್ಕೊಂದು ಕೆಂಪು ರಬ್ಬರ್ ಬ್ಯಾಂಡು.
"ತಂಗಿ, ಇದು ಟಿಕ್ ಟಿಕ್ ಅನ್ನಾಕ ಹತ್ತೈತಿ.
ಸಾಯೂದರಾಗ ಬ್ಯಾರೆ ಕಡೆ ಹಾಕಿ ಕೊಡು."

ಒಳಗ ಬರೇ ಮನಿ.
ಹಿನ್ನೀರು ಬರೂಕಿಂತ ಮೊದಲ, ಪರಿಹಾರದ ಅರ್ಜಿಗೆ
ಹಳೇ ಬಾಗಲಕೋಟಿ ಓಣಿ ಓಣಿ ತಿರುಗಿ ತಗದ ಫೋಟೋ.
ಹೊಸ್ತಿಲ ಮ್ಯಾಲ ಮನಿಯವರು, ಎದಿಗೆ ಪಾಟಿ,
ಪಾಟಿ ಮ್ಯಾಲ ಬಳಪದಾಗ ನಂಬರು.
ಪೊಲೀಸರು ಕಳ್ಳರನ್ನ ನಿಲ್ಲಿಸಿದಂಗ, ಅಂದೆ.
ನಕ್ಕರು. "ಖರೇನ. ಯಾರು ಏನ ಕದ್ದರು ಅಂತ
ಪಾಟಿ ಮ್ಯಾಲ ಬರದಿರಲಿಲ್ಲ, ಅಷ್ಟ."

ಫೋಲ್ಡರಿನ ಹೆಸರು ನೋಡಬೇಕಿತ್ತು:
ಹೊಸದು. ಹೊಸದು ೨. ಹಸೀನಾ ನಿಕಾ.
ತಗೀಬ್ಯಾಡ್ರಿ.
ತಾರೀಖಿನ ಪ್ರಕಾರ ಜೋಡಿಸಲೇನ್ರಿ? ಎಲ್ಲಾದಕ್ಕೂ ಒಂದ ತಾರೀಖು,
ಸ್ಕ್ಯಾನ್ ಮಾಡಿದ ದಿನದ್ದು.
ಸೆಕ್ಟರ್ ಪ್ರಕಾರ?
"ಸೆಕ್ಟರದಾಗ ಮಗ್ಗಲ ಮನಿಯವರು ಮಗ್ಗಲಕ ಬರಲಿಲ್ಲವಾ.
ಓಣಿ ಪ್ರಕಾರ ಇಡು."
ಇರುವಿಗೆ ಓಣಿ ಗೊತ್ತಿಲ್ಲ.
ಅವರು ಕಣ್ಣು ಮುಚ್ಚಿ ಸೈಕಲ್ ಹತ್ತಿದರು,
ಎಡಕ ಹೊಳ್ಳಿದರು, ಹೊಳಿ ದಂಡಿಗೆ ಇಳಿದರು,
ನಾ ಹಿಂದಿನ ಕ್ಯಾರಿಯರ್ ಮ್ಯಾಲ ಕುಂತು ಟೈಪ್ ಮಾಡಿದೆ.

ಕತ್ತರಿಸಿ ಅಂಟಿಸಲೋ, ನಕಲು ಮಾಡಲೋ?
"ಕತ್ತರಿಸೂದು ಬ್ಯಾಡ.
ಊರಿಗೆ ಒಮ್ಮೆ ಹಂಗ ಮಾಡ್ಯಾರ."

ಅರ್ಧ ತಾಸಿಗೆ ಇರುವಿ ನಿಂತಿತು.
*ಮನಿ ೨೧೪ ಈಗಾಗಲೇ ಇದೆ.
ಅಳಿಸಿ ಬರೆಯಲೇ? ಬಿಡಲೇ? ಎರಡೂ ಇಡಲೇ?*
ಒಂದರಾಗ ಪಾಟಿ ನೆಟ್ಟಗ, ಹೆಣ್ಣಮಗಳ ಮುಖ ಗಂಟು.
ಇನ್ನೊಂದರಾಗ ಪಾಟಿ ತಲಿಕೆಳಗ,
ಆಕಿ ಹಲ್ಲು ಕಾಣೂವಂಗ ನಗಾಕ ಹತ್ಯಾಳ.
"ಆಫೀಸಿಗೆ ಕೊಟ್ಟದ್ದು ಮೊದಲಿಂದು.
ಆಕಿ ಇಸಕೊಂಡಿದ್ದು ಎರಡನೇದು."
ಎರಡೂ ಇಡು ಅಂತ ಒತ್ತಿದೆ.
ಇರುವಿ ಹೆಸರಿನ ಬಾಲಕ್ಕ ಒಂದು ೨ ಕಟ್ಟಿ ಮುಂದ ಹೋತು.

ಮಧ್ಯಾಹ್ನ ಕರೆಂಟು ಹೋತು, ಯುಪಿಎಸ್ ಕೂಗಿ ಕೂಗಿ ಸುಮ್ಮನಾತು.
ಎದುರಿನ ಗಾಡಿಯಿಂದ ಗಿರಮಿಟ್ಟು ತಂದು ತಿಂದಿವಿ.
ಕರೆಂಟು ಬಂದಾಗ ಇರುವಿ
ಬಿಟ್ಟ ಕಾಳು ಹುಡುಕಿ ಅಲ್ಲಿಂದನ ಹೊತ್ತಿತು.

ಸಂಜಿಕ ಲೆಕ್ಕ ಕೊಟ್ಟಿತು:
ನಕಲಾದದ್ದು ೩,೮೦೬. ಓದಲಾಗದೆ ಉಳಿದದ್ದು ೭.
ಏಳು ನಂಬರು ಸಾಲಾಗಿ. ಒತ್ತಿದರ ಬರೇ ಬೂದಿ ಬಣ್ಣ.
ಚಾಳೀಸ ಏರಿಸಿ ಒಂದೊಂದರ ಮ್ಯಾಲ ಬೆರಳಿಟ್ಟರು.
"ಬರಿ.
ಹತ್ತೊಂಬತ್ತು. ಬಾಗಿಲ ಹಸರು, ಕೀಲಿ ಇಲ್ಲ, ಹಗ್ಗ ಬಿಗದಿದ್ದರು.
ಎಂಬತ್ತೆಂಟು. ಮುದುಕ ಪಾಟಿ ಹಿಡ್ಯಾಕ ಒಲ್ಲೆ ಅಂದ,
ಆಡಿನ ಕೊರಳಿಗೆ ಕಟ್ಟಿದಿವಿ.
ನೂರಾನಲವತ್ತು. ಅಟ್ಟದ ಮ್ಯಾಲ ತೊಟ್ಟಿಲಿತ್ತು, ಫೋಟೋದಾಗ ಬಂದಿಲ್ಲ.
ಮುನ್ನೂರಾ ಒಂದು..."
ಫ್ಯಾನು ಮೂರು ಸುತ್ತು ಹಾಕಿತು.
"ಇದು ನೆನಪಿಲ್ಲ. ನೆನಪಿಲ್ಲ ಅಂತನ ಬರಿ."

ಏಳು ಮನಿ, ನೋಟ್‌ಪ್ಯಾಡಿನಾಗ ಎರಡು ಕೆಬಿ.
ಹಸರು ಪಟ್ಟಿ ಮೂಡೂದರಾಗ ಇರುವಿ ಅದನ್ನ ದಾಟಿಸಿತ್ತು.

ನಲವತ್ತು ರೂಪಾಯಿ ಕೊಟ್ಟರು. ಎರಡೂ ಡಿಸ್ಕಿಗೆ ಸೇರಿಸಿ
ಅದ ರಬ್ಬರ್ ಬ್ಯಾಂಡು ಹಾಕಿ ಮೆಟ್ಟಲ ಇಳದವರು
ಹೊಳ್ಳಿ ಬಂದರು.
"ತಂಗಿ, ಹತ್ತೊಂಬತ್ತರ ಬಾಗಿಲ ಹಸರಲ್ಲ. ನೀಲಿ."
ತಿದ್ದಿದೆ. ಮತ್ತ ಡಿಸ್ಕು ಚುಚ್ಚಿ ಕಳಿಸಿದೆ.
ಇರುವಿ ನಿಂತಿತು:
*ಇದೇ ಹೆಸರಿನದು ಈಗಾಗಲೇ ಇದೆ.
ಅಳಿಸಿ ಬರೆಯಲೇ?*
ದಾವಲಸಾಬರು ಗ್ವಾಡಿ ನೋಡಕೋಂತ ನಿಂತರು.
"ಸ್ವಲ್ಪ ತಡಿ," ಅಂದರು.