ಸಮುದ್ರಕ್ಕೆ ಕಾಲಂ ಇಲ್ಲ

ಹದಿನಾಲ್ಕೂವರೆ ನಿಮಿಷದ ಸ್ಕ್ರಿಪ್ಟು, ಒಂಬತ್ತು ಹಾಳೆ,
ಒಂದೇ ಮಗ್ಗುಲಿಗೆ ಬರೆದದ್ದು.
ತಿರುವಿ ಹಾಕಿದರೆ ಸರಕ್ಕೆನ್ನುತ್ತದೆ,
ಅಷ್ಟು ಸಾಕು, ಕೋಡಿಬಾಗದಿಂದ ಮಾಜಾಳಿಯವರೆಗೆ
ಗೊತ್ತಾಗಿಬಿಡುತ್ತದೆ: ಓಹೋ, ಓದುತ್ತಿದ್ದಾರೆ.

ನಾನು ಬರೆದದ್ದು ಹೀಗೆ:
ಸಮುದ್ರದ ಸದ್ದು. ಏರಿ, ಇಳಿದು, ಹಿನ್ನೆಲೆಗೆ ಸರಿಯಲಿ.
ಹೆಂಗಸು: "ಓ ಕಡಲೇ, ಎನ್ನ ಪತಿಯನ್ನು ಎತ್ತ ಒಯ್ದೆ?"

ಕಡಲೇನು ದೂರವೇ. ರಸ್ತೆ ದಾಟಿದರೆ ಗಾಳಿಮರದ ಆಚೆ.
ಇನಾಸ ಮೈಕಿಗೆ ಹಳೇ ಕಾಲುಚೀಲ ತೊಡಿಸಿ
ನಸುಕಿನಲ್ಲೇ ಹೋಗಿ ಹಿಡಿದು ತಂದ.
ಕೇಳಿದರೆ, ಕಾವಲಿಯ ಮೇಲೆ ಬಂಗಡೆ ಹುರಿದ ಹಾಗೆ.
"ನಿಜದ ಕಡಲಿಗೆ ಕಡಲಿನ ದನಿಯೇ ಇಲ್ಲ ಮಾರಾಯ್ರೆ" ಎಂದ,
ಕ್ಯಾಂಟೀನಿನಿಂದ ಮೊರ ತಂದ,
ಎರಡು ಸೇರು ಕುಚ್ಚಲಕ್ಕಿ ಸುರಿದ,
ಆ ಕಡೆ ವಾಲಿಸಿದ, ಈ ಕಡೆ.
ಬಂತು ನೋಡಿ, ನೊರೆಸಹಿತ.

ಬೇಬಿ ತಾಂಡೇಲ ಬೈತಖೋಲದಲ್ಲಿ ಬುಟ್ಟಿ ಖಾಲಿ ಮಾಡಿ
ಹನ್ನೊಂದೂವರೆಗೆ ಬಂದಳು.
ಕೈಗೆ ಲಿಂಬೆ ತಿಕ್ಕಿಕೊಂಡಿದ್ದಳು.
ರೇಡಿಯೋದಲ್ಲಿ ವಾಸನೆ ಹೋಗುವುದಿಲ್ಲ ಅಂತ
ಅವಳಿಗೆ ಯಾರೂ ಹೇಳಿರಲಿಲ್ಲ.
ನನ್ನ ಸಾಲನ್ನು ಎರಡು ಸಲ ಓದಿಸಿ ಕೇಳಿದಳು.
"ಎನ್ನ ಅಂದ್ರೆ ಯಾರದ್ದು?"
ನನ್ನ, ಅಂದೆ.
"ನಮ್ಮನೆಯವ್ರ ಬಗ್ಗೆ ನಾ ದರ್ಯಾನ ಕೇಳೂದಿಲ್ಲ.
ಬೋಟಿನ ಮಾಲಕನ ಕೇಳ್ತೆ."

ಕೆಂಪು ಪೆನ್ನಿನಲ್ಲಿ ಗೀಟೆಳೆದೆ. ನಾಲ್ಕನೇ ಹಾಳೆ ಹೋಯಿತು,
ಐದರಲ್ಲಿ ಅರ್ಧ.
ಎರಡೂ ಮುಕ್ಕಾಲು ನಿಮಿಷ ಬರಿದಾಗಿ ಕೂತಿತು.

ಅವಳು ಗಾಜಿನಾಚೆಯ ಮೊರ ನೋಡಿದಳು.
"ಇದ್ಯಾವ ಸಮುದ್ರ? ಒಂದೇ ಸಮ ಬಡ್ಕಂತದೆ. ಇಲ್ಲಿ ಕೊಡಿ."
ಮಂಡಿಯೂರಿ ಕೂತಳು.
ಮೂರು ಸಣ್ಣದು. ಒಂದು ದೊಡ್ಡದು.
ಆಮೇಲೆ ಮೊರ ಎತ್ತಿ ಹಿಡಿದು ಸುಮ್ಮನಾದಳು.

ಒಂದು. ಎರಡು. ಮೂರು ಸೆಕೆಂಡು.
ನಮ್ಮಲ್ಲಿ ಮೌನ ಅಂದರೆ ಮೆಮೊ.
ಇನಾಸನ ಬೆರಳು ಫೇಡರಿನತ್ತ ಹೋಗಿ ಅಲ್ಲೇ ನಿಂತಿತು.
ನಾಲ್ಕು.
ಒಂದು ಅಕ್ಕಿಕಾಳು, ಒಂದೇ, ಅಂಚಿಗೆ ಉರುಳಿತು.
ಇಪ್ಪತ್ತು ವರ್ಷ ಹಿನ್ನೆಲೆಗೆ ಸರಿಸುತ್ತ ಬಂದದ್ದು
ಮೊದಲ ಸಲ ನನ್ನ ಕಿವಿಗೆ ಬಿತ್ತು.

"ನೀರು ವಾಪಸ್ ಹೋಗ್ವಾಗ ಸದ್ದಿಲ್ಲ" ಅಂದಳು.
"ರಾತ್ರಿ ನಾವು ಕೇಳೂದು ಅದನ್ನೇ.
ದೋಣಿ ಬಂದ್ರೆ ಆಗ ಗೊತ್ತಾಗ್ತದೆ."

ಆ ಮಾತು ಟೇಪಿನಲ್ಲಿಲ್ಲ. ಇನಾಸ ನಿಲ್ಲಿಸಿಬಿಟ್ಟಿದ್ದ.
ಇನ್ನೊಮ್ಮೆ ಹೇಳಿ ಎಂದರೆ
ಸೆರಗು ಸರಿಮಾಡಿಕೊಂಡು, ಗಂಟಲು ಕೆರೆದು,
ನನ್ನ ಸ್ಕ್ರಿಪ್ಟಿನ ಹೆಂಗಸಿನ ಹಾಗೆ ಹೇಳಿದಳು.
ಬೇಡವೆಂದೆ.

ಸಂಭಾವನೆಯ ಫಾರ್ಮಿನಲ್ಲಿ
ಭಾಷಣ, ಗಾಯನ, ವಾದ್ಯ, ನಾಟಕದ ಪಾತ್ರ.
ಸಮುದ್ರಕ್ಕೆ ಕಾಲಂ ಇಲ್ಲ.
ವಾದ್ಯಕ್ಕೆ ಗುರುತು ಹಾಕಿ ಎದುರಿಗೆ ಬರೆದೆ: ಮೊರ.
ಅಕೌಂಟ್ಸಿನ ಪೆಡ್ನೇಕರ್ ಎರಡು ಸಲ ಫೋನು ಮಾಡಿದರು.

ಹೊರಡುವಾಗ ಬೇಬಿ ತಾಂಡೇಲ
ಮ್ಯಾಟಿನ ಮೇಲೆ ಚೆಲ್ಲಿದ್ದನ್ನೂ ಬಿಡದೆ ಆರಿಸಿ
ಅಕ್ಕಿಯನ್ನೆಲ್ಲ ಸೆರಗಿಗೆ ಕಟ್ಟಿಕೊಂಡಳು.
"ನಿಮ್ದು ಮುಗೀತಲ್ಲ?"