ಮೂರನೆಯ ಚರಣ

ಲಾಂಡ್ರಿಯ ಕೆಳಗೆ ಹನ್ನೆರಡು ಮೆಟ್ಟಿಲು.
ಗ್ಲಾಸ್ಗೋದ ಗುರುವಾರ. ಬಸ್ಸನ್ನು ಡಿಪೋಗೆ ಬಿಟ್ಟು
ಯೂನಿಫಾರ್ಮಿನಲ್ಲೇ ಬಂದೆ.
ಬಾಗಿಲಲ್ಲಿದ್ದ ಹುಡುಗ ಮಣಿಕಟ್ಟಿಗೆ ಒತ್ತಿದ ಮುದ್ರೆ
ಮೀನೋ ಎಲೆಯೋ, ತಿಳಿಯಲಿಲ್ಲ.

ಒಳಗೆ ನಲವತ್ತು ಜನ, ಅಷ್ಟೇ.
ತಲೆಯ ಮೇಲೆ ಯಾರದೋ ಬಟ್ಟೆ ಗಿರಗಿರ ತಿರುಗುವ ಸದ್ದು.
ಮೋರ್ವೆನ್ ಗಿಲ್ಲೀಸ್ ತಾನೇ ತಂತಿ ಬಿಗಿದುಕೊಂಡಳು,
ಕೆಮ್ಮಿದಳು,
ಚಹಾದ ಲೋಟವನ್ನು ಸ್ಪೀಕರಿನ ಮೇಲಿಟ್ಟಳು.
ಒಂಬತ್ತು ವರ್ಷ ಕಿವಿಯಲ್ಲಿದ್ದವಳು
ಇಷ್ಟು ಗಿಡ್ಡ ಅಂತ ಗೊತ್ತಿರಲಿಲ್ಲ.

ಆ ಹಾಡು ಬಂತು.
ಎರಡು ಚರಣ ದಾಟಿ ಮೂರನೆಯದರ ಹೊಸ್ತಿಲಲ್ಲಿ
ನಿಂತೇಬಿಟ್ಟಳು. ಬೆರಳು ಮಾತ್ರ ನಡೆಯುತ್ತಿತ್ತು,
ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡುವ ಹಾಗೆ.
ಕಣ್ಣು ಹುಡುಕುತ್ತ ಮುಂದಿನ ಸಾಲಿಗೆ ಬಿತ್ತು.
ಅಲ್ಲಿ ನನ್ನ ತುಟಿ ಆಡುತ್ತಿತ್ತು, ಸದ್ದಿಲ್ಲದೆ.
ಅದನ್ನೇ ಓದಿಕೊಂಡು ಹಾಡಿದಳು:

‘ಹೋಗುವಾಗ ನೀನು ಮನೆಯ ತೆರೆದು ಹೋದೆ.’

ಹಾಡಿದವಳೇ ಹುಬ್ಬೇರಿಸಿದಳು.
ಮುಗಿದ ಮೇಲೆ ಮೈಕಿನಲ್ಲಿ, ನನಗೊಬ್ಬನಿಗೇ ಅಂದಂತೆ:
‘ನಾನು ಬರೆದದ್ದು ತೊರೆದು.
ತುಟಿ ದುಂಡಗಾಗಬೇಕಿತ್ತು ನಿಮ್ಮದು. ಅಗಲವಾಯಿತು.’
ಎಲ್ಲರೂ ನಕ್ಕರು. ನಾನೂ.

ಊನಾ ಹೋದ ವಾರ ಕೊಂಡ ಸೀಡಿ ಅದು.
ಅಂದಿನಿಂದ ಮಲಗುವಾಗ
ಬಾಗಿಲಿಗೆ ಸರಪಳಿ ಹಾಕಿಲ್ಲ ನಾನು,
ಒಂದು ಎತ್ವವನ್ನು ನಂಬಿ.

ಕೊನೆಯ ಬಸ್ಸು. ಓಡಿಸುವವನು ಬೇರೆ ಯಾರೋ.
ಕಿಟಕಿಯ ಗಾಜಿನಲ್ಲಿ
ಬಾಯಿ ದುಂಡಗೆ ಮಾಡಿ ನೋಡಿದೆ.
ಬರುತ್ತದೆ.
ಅಭ್ಯಾಸವಾಗಬೇಕು, ಅಷ್ಟೇ.