ಒದ್ದೆ ಗೋಣಿ

ಬಂದರಿನ ದಕ್ಕೆ ರಸ್ತೆಯಲ್ಲಿ ಮೋನಬ್ಬ ಬ್ಯಾರಿಯವರ ಸೋಡ ಫ್ಯಾಕ್ಟರಿ.
ಫ್ಯಾಕ್ಟರಿ ಅಂದರೆ ಒಂದು ಕೋಣೆ, ಒಂದು ಬಾವಿ,
ಕೈಯಲ್ಲಿ ತಿರುಗಿಸುವ ಯಂತ್ರ.
ಎರಡು ಬೇಸಿಗೆ ರಜೆ ಅಲ್ಲಿ ಬಾಟಲಿ ತೊಳೆದಿದ್ದೇನೆ,
ನೂರಕ್ಕೆ ಎರಡು ರೂಪಾಯಿ, ಒಡೆದದ್ದು ಲೆಕ್ಕಕ್ಕಿಲ್ಲ.

ತುಂಬಿದ ಬಾಟಲಿ ಬೆಳಕಿಗೆ ಹಿಡಿದು ಕೇಳುತ್ತಿದ್ದರು:
"ಏನುಂಟು ಒಳಗೆ?"
ನೀರು, ಅನ್ನುತ್ತಿದ್ದೆ.
"ನೀರು ಮಾತ್ರ?"
ಒಂದು ಗುಳ್ಳೆಯೂ ಇಲ್ಲ. ಹಸಿರು ಗಾಜು, ನಿಂತ ನೀರು,
ಕತ್ತಿನಲ್ಲಿ ಸಿಕ್ಕಿಕೊಂಡ ಗೋಲಿ.
ಆಮೇಲೆ ಅವರ ಹೆಬ್ಬೆರಳು:
ಕೀ ಎಂದು ಕೂಗಿ ಇಡೀ ಬಾಟಲಿ ಬೆಳ್ಳಗೆ.
"ಒತ್ತಿ ಹಿಡಿದಷ್ಟು ಹೊತ್ತು ನೀರೇ, ಮಾರಾಯ್ತಿ.
ಬಿಟ್ಟಾಗ ಗೊತ್ತಾಗುವುದು ಎಷ್ಟಿತ್ತು ಅಂತ."

ಅವರಿಗೆ ಎಡಗಣ್ಣು ಇರಲಿಲ್ಲ.
ಯಾವುದೋ ಏಪ್ರಿಲ್, ಯಾವುದೋ ಬಾಟಲಿ,
ಗಾಜಿನಲ್ಲಿ ಕೂದಲೆಳೆಯ ಬಿರುಕು.
ಅಂದಿನಿಂದ ತುಂಬಿದ್ದರ ಮೇಲೆಲ್ಲ ಒದ್ದೆ ಗೋಣಿ.

ಈಗ ವರ್ಷಕ್ಕೊಮ್ಮೆ ಮಲ್ಪೆಯಿಂದ ದೋಣಿ ಹತ್ತಿಸಿ
ನನ್ನ ಕ್ಲಾಸಿನವರನ್ನು ಕಲ್ಲುಕಂಬಗಳ ದ್ವೀಪಕ್ಕೆ ಕರೆದೊಯ್ಯುತ್ತೇನೆ.
ಐದು ಮೂಲೆ, ಆರು ಮೂಲೆ, ಕಪ್ಪು ಜೇನಿನ ಎರಿ;
ಮಡಗಾಸ್ಕರ್ ನಮ್ಮ ಪಕ್ಕದ ಮನೆಯಾಗಿದ್ದ ಕಾಲದ ಲಾವಾ.
ಬೆಟ್ಟವನ್ನು ಸಿಡಿಸುವುದು ಬೆಂಕಿಯಲ್ಲ, ನೀರು, ಅನ್ನುತ್ತೇನೆ.
ಕರಗಿದ ಕಲ್ಲಿನೊಳಗೆ ಕರಗಿ ಕೂತ ನೀರು,
ನೂರಕ್ಕೆ ನಾಲ್ಕೈದು ಪಾಲು,
ಮೇಲಿನ ಮೈಲುಗಟ್ಟಲೆ ನೆಲವೇ ಅದಕ್ಕೆ ಗೋಲಿ.
ಏರಿದ ಹಾಗೆ ಒತ್ತಡ ಇಳಿಯುತ್ತದೆ, ಗುಳ್ಳೆ ಏಳುತ್ತದೆ,
ಒಂದು ಕುಡ್ತೆ ನೀರಿಗೆ
ಸಾವಿರಾರು ಕುಡ್ತೆ ಉಗಿ.

"ಎಲ್ಲವೂ ಸಿಡಿಯುತ್ತದಾ ಮೇಡಂ?"
ಧನುಷಾ ತಿಂಗಳಾಯ, ಹಿಂದಿನ ಸಾಲಿನಿಂದ.
ಇಲ್ಲ. ಬೆಳಿಗ್ಗೆ ಗಂಜಿ ಕುದಿಯುವುದನ್ನು ನೋಡು.
ತಿಳಿ ಇರುವಾಗ ಗುಳ್ಳೆ ಬರುತ್ತದೆ, ಹೋಗುತ್ತದೆ,
ಯಾರಿಗೂ ಹೇಳುವುದಿಲ್ಲ.
ದಪ್ಪವಾಯಿತೋ, ಸೌಟು ಹಿಡಿದ ಕೈ ಸುಡುತ್ತದೆ.
"ಹಾಗಾದರೆ ಇದು ತಿಳಿಯಾ?"
ದಪ್ಪವೇ. ಆದರೂ ಕಂಬವಾಗಿ ನಿಂತಿದೆ ಅಂದರೆ
ದಾರಿಯಲ್ಲಿ ಎಲ್ಲೋ, ಯಾವುದೋ ಬಿರುಕಿನಲ್ಲಿ,
ಮೆಲ್ಲಗೆ ಉಸಿರು ಬಿಟ್ಟಿರಬೇಕು.
"ಆ ನೀರು ಎಲ್ಲಿ ಹೋಯಿತು?"
ದೋಣಿಯವ ಸೀಟಿ ಊದಿದ. ನಾನು ಉತ್ತರಿಸಲಿಲ್ಲ.

ಮೊನ್ನೆ ಬಂದರಿಗೆ ಹೋಗಿದ್ದೆ. ಯಂತ್ರ ಗುಜರಿಗೆ ಹೋಗಿದೆ,
ಬಾವಿಗೆ ಬಲೆ ಹಾಕಿದ್ದಾರೆ.
ನಮ್ಮ ಬಚ್ಚಲಿನ ಕಲ್ಲು, ಹಿಮ್ಮಡಿ ಉಜ್ಜುವುದು,
ತೆಗೆದು ಅವರ ಬಕೆಟಿಗೆ ಹಾಕಿದೆ.
ತೇಲಿತು.

ಮೋನಬ್ಬ ಅದನ್ನು ಒಂದೇ ಕಣ್ಣಿನ ಹತ್ತಿರ ತಂದು
ತೂತು ತೂತಿಗೂ ಉಗುರು ತಾಗಿಸಿ ನೋಡಿದರು.
"ಸೋಡವೇ," ಎಂದರು. "ನೊರೆ ಇಳಿಯುವ ಮೊದಲೇ ಗಟ್ಟಿಯಾದದ್ದು."
ಸ್ವಲ್ಪ ಹೊತ್ತು ಬಿಟ್ಟು:
"ಅಷ್ಟು ದೊಡ್ಡದರ ಮೇಲೆ ಹಾಕುವ ಗೋಣಿ
ಯಾರ ಹತ್ತಿರ ಉಂಟು?"

ಕಲ್ಲು ವಾಪಸು ಕೊಡಲಿಲ್ಲ.